ಮಗಳಿಗೆ ಅಂತ ಕೂಡಿಟ್ಟ ಸಿಲ್ವರ್ ಈಗಲ್‌ಗಳನ್ನು ಗ್ರೇಡಿಂಗ್‌ಗೆ ಕಳಿಸಬೇಕಾ?

ಡಲ್ಲಾಸ್ ಹತ್ತಿರ ಇರುವ ಓದುಗರೊಬ್ಬರ ಪ್ರಶ್ನೆ ಇದು. ಸ್ವಲ್ಪ ಚಿಕ್ಕದು ಮಾಡಿ ಕೊಟ್ಟಿದ್ದೇನೆ.

“ನಮಸ್ಕಾರ ಸರ್. ನಾವು ಹಾಸನದ ಕಡೆಯವರು. ಮಗಳು ಹುಟ್ಟಿದ್ದು 2011ರಲ್ಲಿ. ಆವತ್ತಿಂದ ಅವಳ ಹೆಸರಲ್ಲಿ ಅಮೆರಿಕನ್ ಸಿಲ್ವರ್ ಈಗಲ್ ನಾಣ್ಯ ಕೊಳ್ಳುತ್ತಾ ಬಂದಿದ್ದೇನೆ. ಈಗ ಬಿಡಿ ನಾಣ್ಯಗಳೇ 63 ಇವೆ. ಅದರಲ್ಲಿ 2015ರದ್ದು ಒಂದು ಪೂರ್ತಿ ಟ್ಯೂಬ್, ಅಂದರೆ 20 ನಾಣ್ಯ. ಒಂದು ಮಾತ್ರ 1996ರದ್ದು, ಅಂಗಡಿಯವರು ‘ಇದು ಸ್ವಲ್ಪ ಅಪರೂಪ’ ಅಂತ ಜಾಸ್ತಿ ದುಡ್ಡು ತಗೊಂಡರು. ಇವಲ್ಲದೆ ಟಿವಿಯಲ್ಲಿ ನೋಡಿ ‘ಎಂಎಸ್ 70, ಫಸ್ಟ್ ಸ್ಟ್ರೈಕ್’ ಅಂತ ಬರೆದ ಪ್ಲಾಸ್ಟಿಕ್ ಡಬ್ಬಿಯ ನಾಣ್ಯ ಐದು ಕೊಂಡೆ, ಒಂದೊಂದಕ್ಕೂ ಆಗಿನ ಬೆಳ್ಳಿ ಬೆಲೆಯ ಮೂರು ಪಟ್ಟು ಕೊಟ್ಟೆ. ಮೊನ್ನೆ ಕನ್ನಡ ಕೂಟದಲ್ಲಿ ಗೆಳೆಯರೊಬ್ಬರು ಎಲ್ಲವನ್ನೂ ಗ್ರೇಡಿಂಗ್‌ಗೆ ಕಳಿಸಿ, ಒಂದೊಂದೂ ನೂರಾರು ಡಾಲರ್ ಜಾಸ್ತಿ ಆಗುತ್ತೆ, 2015ರದ್ದರಲ್ಲಿ ಫಿಲಡೆಲ್ಫಿಯಾದ್ದು ಸಿಕ್ಕರೆ ನಿಮ್ಮ ಅದೃಷ್ಟ ಅಂದರು. ಮನೆಗೆ ಬಂದು ತೆಗೆದು ನೋಡಿದರೆ ಏಳೆಂಟು ನಾಣ್ಯದ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಕಲೆ. ಒಂದನ್ನು ನಮ್ಮ ಮನೆಯವರು ಪ್ರತಿ ವರ್ಷ ವರಮಹಾಲಕ್ಷ್ಮಿ ಪೂಜೆಗೆ ಇಡುತ್ತಾರೆ, ಅದರಲ್ಲಿ ಕುಂಕುಮ ಹಿಡಿದಿದೆ. ಮಗಳ ಕಾಲೇಜು ಹತ್ತಿರ ಬಂತು. ಎಲ್ಲವನ್ನೂ ಗ್ರೇಡ್ ಮಾಡಿಸಲಾ? ಆ ಐದು ನಾಣ್ಯದಲ್ಲಿ ಮೋಸ ಹೋದೆನಾ? ಬೆಂಗಳೂರಿಗೆ ತಂದು ಮಾರಿದರೆ ಜಾಸ್ತಿ ಸಿಗುತ್ತಾ?”

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ. ಕೇಳಿರುವುದು ಗ್ರೇಡಿಂಗ್ ಬಗ್ಗೆ, ಅಂದರೆ ನಾಣ್ಯದ ಸ್ಥಿತಿ ನೋಡಿಸಿ ಅಂಕಿ ಹಾಕಿಸುವ ಬಗ್ಗೆ. ಆದರೆ ಒಳಗಿರುವ ಭಯ ಬೇರೆ ಅಂತ ನನಗೆ ಅನಿಸುತ್ತದೆ. ಇಷ್ಟು ವರ್ಷ ಕೂಡಿಟ್ಟಿದ್ದು ಸರಿಯಾಯಿತಾ, ಮಗಳಿಗೆ ಸಿಗಬೇಕಾದ ದುಡ್ಡನ್ನು ಗೊತ್ತಿಲ್ಲದೆ ಕಳೆಯುತ್ತಿದ್ದೇನಾ ಅನ್ನುವುದು, ಅಲ್ವಾ? ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ನೀವು ಕೊಂಡಿದ್ದು ಒಳ್ಳೆಯ ವಸ್ತು, ಕಳೆದಿರುವುದು ಕಡಿಮೆ. 63ರಲ್ಲಿ ಗ್ರೇಡಿಂಗ್‌ಗೆ ಕಳಿಸುವ ಯೋಚನೆ ಮಾಡಬಹುದಾದದ್ದು ಒಂದೇ ಒಂದು, 1996ರದ್ದು. ಅದೂ ಚೆನ್ನಾಗಿ ನೋಡಿದ ಮೇಲೆ. ಉಳಿದವನ್ನು ಕಳಿಸಿದರೆ ಮಗಳ ದುಡ್ಡು ಪ್ಲಾಸ್ಟಿಕ್‌ಗೆ ಹೋಗುತ್ತದೆ.

ಯಾಕೆ ಅಂತ ಹೇಳಬೇಕಾದರೆ ಈ ನಾಣ್ಯದ ಹುಟ್ಟಿನಿಂದ ಶುರು ಮಾಡಬೇಕು.

ಅಮೆರಿಕ ಸರ್ಕಾರ ಸಿಲ್ವರ್ ಈಗಲ್ ಹೊರತಂದಿದ್ದು 1986ರಲ್ಲಿ. ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ, 999 ಶುದ್ಧತೆಯ ಬೆಳ್ಳಿ. ನಮ್ಮ ತೊಲದ ಲೆಕ್ಕದಲ್ಲಿ ಎರಡೂ ಮುಕ್ಕಾಲು ತೊಲಕ್ಕೆ ಸ್ವಲ್ಪ ಕಡಿಮೆ. ಮೇಲೆ ಒಂದು ಡಾಲರ್ ಅಂತ ಬರೆದಿದ್ದರೂ ಯಾರೂ ಅದನ್ನು ಅಂಗಡಿಯಲ್ಲಿ ಖರ್ಚು ಮಾಡುವುದಿಲ್ಲ. ಮುಂಭಾಗದಲ್ಲಿ ಸೂರ್ಯನ ಕಡೆಗೆ ನಡೆದು ಹೋಗುವ ಹೆಂಗಸಿನ ಚಿತ್ರ ಇದೆಯಲ್ಲ, ಅದು ಅಡಾಲ್ಫ್ ವೈನ್‌ಮನ್ ಮಾಡಿದ್ದು. ಹೊಸದಾಗಿ ಮಾಡಿದ್ದಲ್ಲ. 1916ರಿಂದ 1947ರವರೆಗೆ ಚಲಾವಣೆಯಲ್ಲಿದ್ದ ಅರ್ಧ ಡಾಲರ್ ನಾಣ್ಯದಿಂದ ತೆಗೆದುಕೊಂಡಿದ್ದು.

ಈ ಅರ್ಧ ಡಾಲರ್ ಮತ್ತು ನಿಮ್ಮ ಈಗಲ್, ಎರಡನ್ನೂ ಪಕ್ಕ ಪಕ್ಕ ಇಟ್ಟುಕೊಂಡು ಯೋಚನೆ ಮಾಡಿ. ಚಿತ್ರ ಒಂದೇ. ಆದರೆ ಆ ಅರ್ಧ ಡಾಲರ್ ಜನರ ಜೇಬಲ್ಲಿ ಓಡಾಡಿತು. ಬ್ರೆಡ್ಡು ಕೊಳ್ಳಲು ಹೋಯಿತು, ಬಸ್ ಟಿಕೆಟ್‌ಗೆ ಹೋಯಿತು, ಸವೆಯಿತು, ಕಳೆಯಿತು, ಕರಗಿಸಿದರು. ನೂರು ವರ್ಷ ಆದಮೇಲೆ ಹೊಸದರಂತೆ ಉಳಿದದ್ದು ಸಿಕ್ಕಿದರೆ ಅದಕ್ಕೆ ಬೆಲೆ ಬರುವುದು ಸಹಜ. ಅಜ್ಜಿ ಪೆಟ್ಟಿಗೆಯಲ್ಲಿರುವ ವಿಕ್ಟೋರಿಯಾ ರಾಣಿ ರೂಪಾಯಿಯ ಕತೆಯೂ ಇದೇ. ಹೆಚ್ಚಿನವು ಕೈಯಿಂದ ಕೈಗೆ ಹೋಗಿ ಮುಖ ಸವೆದಿರುತ್ತವೆ, ಅದಕ್ಕೇ ಕೂದಲಿನ ಗೆರೆ ಗೆರೆ ಕಾಣುವ ಒಂದು ಸಿಕ್ಕಿದರೆ ನಾವು ಹಿಗ್ಗುತ್ತೇವೆ. ಈಗಲ್‌ಗೆ ಆ ಬಾಳೇ ಇಲ್ಲ. ಯಂತ್ರದಿಂದ ಬಂದಿದ್ದು ನೇರ ಟ್ಯೂಬ್‌ಗೆ, ಟ್ಯೂಬ್‌ನಿಂದ ನಿಮ್ಮ ಬೀರುವಿಗೆ. ಕೊಂಡವರೆಲ್ಲ ನಿಮ್ಮ ಹಾಗೇ ಜೋಪಾನ ಮಾಡಿದ್ದಾರೆ. 2015ರಲ್ಲಿ ಬುಲಿಯನ್ ಈಗಲ್, ಅಂದರೆ ಬೆಳ್ಳಿಗಾಗಿ ಕೊಳ್ಳುವ ಇಂಥ ಮಾಮೂಲಿ ಈಗಲ್, 4 ಕೋಟಿ 70 ಲಕ್ಷ ತಯಾರಾದವು. ಅದು ಆವರೆಗಿನ ದಾಖಲೆ. ಅದರಲ್ಲಿ ಬಹುಪಾಲು ಇವತ್ತಿಗೂ ಹೊಳೆಯುತ್ತಾ ಕೂತಿವೆ. ಚೆನ್ನಾಗಿರುವುದೇ ಮಾಮೂಲಾದಾಗ ಚೆನ್ನಾಗಿರುವುದಕ್ಕೆ ಯಾರು ಜಾಸ್ತಿ ಕೊಡುತ್ತಾರೆ?

ಹಾಗಾಗಿ ಒಂದು ಈಗಲ್ ಕೈಗೆ ಬಂದಾಗ ನಾನು ಎರಡು ಬೆಲೆ ಬೇರೆ ಬೇರೆ ನೋಡುತ್ತೇನೆ. ಒಂದು ಬೆಳ್ಳಿಯ ಬೆಲೆ. ಅದು ದಿನ ದಿನ ಏರಿಳಿಯುತ್ತದೆ, ಅದರಲ್ಲಿ ಯಾರಿಗೂ ತಕರಾರಿಲ್ಲ. ಇನ್ನೊಂದು ಅದರ ಮೇಲಿನ ಪ್ರೀಮಿಯಂ, ಸಂಗ್ರಹಕಾರ ಅಂತ ಒಬ್ಬ ಮನುಷ್ಯ ಆಸೆಪಟ್ಟು ಕೊಡುವ ಹೆಚ್ಚುವರಿ ದುಡ್ಡು. ಗ್ರೇಡಿಂಗ್ ಮುಟ್ಟುವುದು ಈ ಎರಡನೆಯದನ್ನು ಮಾತ್ರ. ಮೊದಲನೆಯದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಗ್ರೇಡಿಂಗ್ ಅಂದರೆ ಏನು ಅಂತಲೂ ಹೇಳುತ್ತೇನೆ, ಯಾಕೆಂದರೆ ಬಹಳ ಜನ ಅದನ್ನು ಬೆಲೆ ಕಟ್ಟುವ ಕೆಲಸ ಅಂದುಕೊಂಡಿದ್ದಾರೆ. ಅವರು ಬೆಲೆ ಕಟ್ಟುವುದಿಲ್ಲ. ನಾಣ್ಯ ಅಸಲಿಯಾ, ಅದರ ಸ್ಥಿತಿ ಹೇಗಿದೆ, ಇಷ್ಟೇ ಹೇಳುತ್ತಾರೆ. 1ರಿಂದ 70ರವರೆಗಿನ ಅಳತೆ. ಅದನ್ನು ವಿಲಿಯಂ ಶೆಲ್ಡನ್ ಅನ್ನುವವರು 1949ರಲ್ಲಿ ಅಮೆರಿಕದ ಹಳೆಯ ತಾಮ್ರದ ಸೆಂಟ್ ನಾಣ್ಯಗಳಿಗೆ ಅಂತ ಮಾಡಿದ್ದು. ಕಷ್ಟಪಟ್ಟರೆ ಮಾತ್ರ ಗುರುತು ಸಿಗುವಷ್ಟು ಸವೆದದ್ದು ಒಂದಾದರೆ ಚೂರೂ ಕುಂದಿಲ್ಲದ್ದು ಎಪ್ಪತ್ತು ಪಟ್ಟು ಬಾಳುತ್ತದೆ ಅನ್ನುವ ಆಗಿನ ಲೆಕ್ಕ. ಬೆಲೆಯ ಆ ಲೆಕ್ಕ ಯಾವತ್ತೋ ಹಳೆಯದಾಯಿತು, ಅಂಕಿ ಮಾತ್ರ ಉಳಿಯಿತು. ಪಿಸಿಜಿಎಸ್ ಅನ್ನುವ ಗ್ರೇಡಿಂಗ್ ಸಂಸ್ಥೆ 1986ರಲ್ಲಿ ಕೆಲಸ ಶುರು ಮಾಡಿತು, ಎನ್‌ಜಿಸಿ ಅನ್ನುವುದು 1987ರಲ್ಲಿ. ಇವತ್ತು ಮಾರುಕಟ್ಟೆ ನಂಬುವುದು ಮುಖ್ಯವಾಗಿ ಈ ಎರಡನ್ನು. ನಾಣ್ಯವನ್ನು ನೋಡಿ, ಅಂಕಿ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಒಳಗೆ ಮುಚ್ಚಿ ಕೊಡುತ್ತಾರೆ. ಅದಕ್ಕೇ ಸ್ಲ್ಯಾಬ್ ಅನ್ನುವುದು. ಎಂಎಸ್ ಅಂದರೆ ಮಿಂಟ್ ಸ್ಟೇಟ್, ಚಲಾವಣೆಗೆ ಹೋಗದ್ದು. ಎಂಎಸ್ 70 ಅಂದರೆ ಐದು ಪಟ್ಟು ದೊಡ್ಡದಾಗಿ ನೋಡಿದರೂ, ಅಚ್ಚಿನಿಂದ ಹೊರಬಂದ ಮೇಲೆ ಆದ ಒಂದು ಗೀರೂ ಕಾಣದ್ದು.

69ಕ್ಕೂ 70ಕ್ಕೂ ಇರುವ ದೂರ ಎಷ್ಟು ಗೊತ್ತಾ? ದೀಪದ ಕೆಳಗೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಮೆಲ್ಲಗೆ ವಾಲಿಸಿ. ಬೆಳಕಿನ ಪಟ್ಟಿ ಗಾಡಿ ಚಕ್ರದ ಕಡ್ಡಿಯ ಹಾಗೆ ಸುತ್ತುತ್ತಾ ಹೋಗುತ್ತದೆ. ಆ ಬೆಳಕು ಸೂರ್ಯನ ಕಿರಣಗಳ ಪಕ್ಕದ ಬಯಲು ಜಾಗದ ಮೇಲೆ ಹಾಯುವಾಗ ಒಂದು ಕಡೆ ಚಿಟಿಕೆಯಷ್ಟು ಮಿನುಗಿ ಆರುತ್ತದೆ. ಪಕ್ಕದ ನಾಣ್ಯದ ಹಲ್ಲಂಚು ತಾಗಿ ಆದ ಗುರುತು ಅದು, ಸೂಜಿಮೊನೆಗಿಂತ ಚಿಕ್ಕದು. ಅದಿದ್ದರೆ 69. ಬರಿಗಣ್ಣಿಗೆ ಎರಡೂ ಒಂದೇ. ಇದೇ ಕೆಲಸ ಇಪ್ಪತ್ತು ವರ್ಷದಿಂದ ಮಾಡುವ ನಾನು ಕೂಡ ದೀಪ ಇಲ್ಲದೆ ಹೇಳಲಾರೆ. ಗ್ರೇಡ್ ಮಾಡುವವರೂ ಮನುಷ್ಯರೇ. ಒಂದು ನಾಣ್ಯಕ್ಕೆ ಅವರಿಗೆ ಸಿಗುವುದು ಕೆಲವೇ ಸೆಕೆಂಡು. ಒಂದೇ ನಾಣ್ಯ ಎರಡು ಸಲ ಕಳಿಸಿದರೆ ಎರಡು ಅಂಕಿ ಬಂದದ್ದನ್ನು ನಾನೇ ನೋಡಿದ್ದೇನೆ.

ಈಗ ನಿಮ್ಮ ಗೆಳೆಯರ ಮಾತಿಗೆ ಬರೋಣ. ‘70 ಬಂದರೆ ನೂರಾರು ಡಾಲರ್’ ಅನ್ನುವುದು ಪೂರ್ತಿ ಸುಳ್ಳಲ್ಲ. 1986ರಿಂದ 1999ರವರೆಗಿನ ಕೆಲವು ವರ್ಷಗಳ ಎಂಎಸ್ 70ಕ್ಕೆ ನಿಜವಾಗಿ ಒಳ್ಳೆಯ ಬೆಲೆ ಇದೆ, 1996 ಮತ್ತು 1999ಕ್ಕಂತೂ ಇದೆ. ಆಗಿನ ನಾಣ್ಯಗಳು ಟ್ಯೂಬ್‌ನಲ್ಲಿ ಒಂದಕ್ಕೊಂದು ತಾಗಿ ಇಷ್ಟು ವರ್ಷ ಕಳೆದಿವೆ, ತಯಾರಿಯೂ ಇವತ್ತಿನಷ್ಟು ನಾಜೂಕಾಗಿರಲಿಲ್ಲ, ಹಾಗಾಗಿ 70 ಬರುವುದು ಅಪರೂಪ. ಅವರು ಕೇಳಿದ್ದು ಅಂಥ ಯಾವುದೋ ಒಂದು ನಾಣ್ಯದ ಕತೆ ಇರಬೇಕು. ಅದನ್ನು 2011ರ ಮೇಲಿನ ನಾಣ್ಯಕ್ಕೆ ಹಾಕಿದರೆ ಲೆಕ್ಕ ತಪ್ಪುತ್ತದೆ. ದೊಡ್ಡ ವ್ಯಾಪಾರಿಗಳು ಹೊಸ ವರ್ಷದ ನಾಣ್ಯ ಬಂದ ಕೂಡಲೇ 500 ನಾಣ್ಯದ ಸೀಲ್ ಆದ ಪೆಟ್ಟಿಗೆಗಳನ್ನೇ ಗ್ರೇಡಿಂಗ್‌ಗೆ ಕಳಿಸುತ್ತಾರೆ. ಮಾನ್‌ಸ್ಟರ್ ಬಾಕ್ಸ್ ಅನ್ನುವುದು ಅದಕ್ಕೇ. ಅವರಿಗೆ ಶುಲ್ಕ ಕಡಿಮೆ. ಇಂಥ ಗ್ರೇಡ್ ಬಂದರೆ ಮಾತ್ರ ಸ್ಲ್ಯಾಬ್ ಮಾಡಿ, ಇಲ್ಲದಿದ್ದರೆ ಹಾಗೇ ವಾಪಸ್ ಕೊಡಿ ಅಂತಲೂ ಹೇಳಬಹುದು. ಹೀಗೆ ಪ್ರತಿ ವರ್ಷ ಸಾವಿರಾರು ಎಂಎಸ್ 70 ಹೊರಬರುತ್ತವೆ. ಯಾವ ವರ್ಷದ್ದು ಯಾವ ಗ್ರೇಡ್‌ನಲ್ಲಿ ಎಷ್ಟಿವೆ ಅಂತ ಎರಡೂ ಸಂಸ್ಥೆಗಳು ತಮ್ಮ ವೆಬ್‌ಸೈಟಿನಲ್ಲಿ ಪಟ್ಟಿ ಕೊಡುತ್ತವೆ, ಪಾಪ್ಯುಲೇಶನ್ ರಿಪೋರ್ಟ್ ಅಂತ. ನೀವೇ ನೋಡಿ. ಆ ಸಂಖ್ಯೆ ಏರುತ್ತಲೇ ಇರುತ್ತದೆ, ಯಾವತ್ತೂ ಇಳಿಯುವುದು ಕಷ್ಟ.

ನಿಮ್ಮ 2015ರ ಟ್ಯೂಬ್ ಕಳಿಸಿದರೆ ಏನಾಗುತ್ತದೆ, ಒಂದು ಲೆಕ್ಕ ಹಾಕೋಣ. ಇದು ಉದಾಹರಣೆಗೆ ಅಷ್ಟೇ, ಇವತ್ತಿನ ದರ ಹಾಕಿ ನೀವೇ ಮತ್ತೆ ಮಾಡಿ. ಗ್ರೇಡಿಂಗ್ ಶುಲ್ಕ, ಸದಸ್ಯತ್ವ, ಎರಡೂ ಕಡೆಯ ಅಂಚೆ, ವಿಮೆ ಎಲ್ಲ ಹಂಚಿದರೆ ನಾಣ್ಯಕ್ಕೆ 40 ಡಾಲರ್ ಅಂತ ಇಟ್ಟುಕೊಳ್ಳಿ. 20 ನಾಣ್ಯಕ್ಕೆ 800. ನಾಲ್ಕಕ್ಕೆ 70 ಬಂತು, ಹದಿನಾರಕ್ಕೆ 69 ಅಂತ ಇಟ್ಟುಕೊಳ್ಳೋಣ. ಟ್ಯೂಬ್‌ನಲ್ಲಿ ಇಷ್ಟು ವರ್ಷ ಅಲುಗಾಡಿದ ನಾಣ್ಯಕ್ಕೆ ಇದು ಧಾರಾಳ ಲೆಕ್ಕವೇ. 70ರ ಒಂದೊಂದಕ್ಕೂ ಬಿಡಿ ನಾಣ್ಯಕ್ಕಿಂತ 40 ಡಾಲರ್ ಜಾಸ್ತಿ, 69ಕ್ಕೆ 10 ಡಾಲರ್ ಜಾಸ್ತಿ ಬಂದರೆ ಒಟ್ಟು 320. ಹಾಕಿದ್ದು 800. ಇದರ ಮೇಲೆ ಆನ್‌ಲೈನ್‌ನಲ್ಲಿ ಮಾರಿದರೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಶುಲ್ಕ ಹೋಗುತ್ತದೆ. ಆ ಶುಲ್ಕ ಕಡಿಯುವುದು ಪ್ರೀಮಿಯಂ ಮೇಲೆ ಮಾತ್ರ ಅಲ್ಲ, ಬೆಳ್ಳಿಯನ್ನೂ ಸೇರಿಸಿ ಪೂರ್ತಿ ಬೆಲೆಯ ಮೇಲೆ. ಇದನ್ನು ಬಹಳ ಜನ ಮರೆಯುತ್ತಾರೆ. ಈ ವೃತ್ತಿಗೆ ಬಂದ ಹೊಸದರಲ್ಲಿ ನಾನೂ ಒಂದು ಟ್ಯೂಬ್ ಕಳಿಸಿದ್ದೆ. ವಾರಗಟ್ಟಲೆ ಕಾದು ಪೆಟ್ಟಿಗೆ ಬಿಚ್ಚಿದರೆ 70 ಬಂದದ್ದು ಎರಡು. ಆ ಪಾಠದ ಶುಲ್ಕ ನೀವು ಮತ್ತೆ ಕಟ್ಟುವುದು ಬೇಡ.

ಗೆಳೆಯರು ಹೇಳಿದ ಫಿಲಡೆಲ್ಫಿಯಾ ವಿಷಯದಲ್ಲಿ ನಿಜಾಂಶ ಇದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳಬೇಕು. 2015ರ ಈಗಲ್‌ಗಳಲ್ಲಿ ಹೆಚ್ಚಿನವು ವೆಸ್ಟ್ ಪಾಯಿಂಟ್‌ನ ಟಂಕಸಾಲೆಯಲ್ಲಿ ತಯಾರಾದವು. ಬೇಡಿಕೆ ಜಾಸ್ತಿಯಾಗಿ ಫಿಲಡೆಲ್ಫಿಯಾದ ಟಂಕಸಾಲೆಯಲ್ಲೂ ಕೇವಲ 79,640 ನಾಣ್ಯ ಹೊಡೆದರು. ಈ ಸಂಗತಿ ಹೊರಬಂದದ್ದು 2017ರಲ್ಲಿ. ಬಂದ ಕೂಡಲೇ ಸಂಗ್ರಹಕಾರರು ಮುಗಿಬಿದ್ದರು. ಆದರೆ ಬುಲಿಯನ್ ಈಗಲ್ ಮೇಲೆ ಯಾವ ಟಂಕಸಾಲೆ ಅನ್ನುವ ಅಕ್ಷರ ಇರುವುದಿಲ್ಲ. ನಾಣ್ಯವನ್ನು ಎಷ್ಟು ತಿರುಗಿಸಿ ನೋಡಿದರೂ ಎಲ್ಲಿಯದು ಅಂತ ಗೊತ್ತಾಗುವುದಿಲ್ಲ. ಗೊತ್ತಾಗುವುದು ಸೀಲ್ ಒಡೆಯದ ಮಾನ್‌ಸ್ಟರ್ ಬಾಕ್ಸ್ ಮೇಲಿನ ಸೀರಿಯಲ್ ನಂಬರಿನಿಂದ ಮಾತ್ರ. ಗ್ರೇಡಿಂಗ್ ಸಂಸ್ಥೆಗಳು ಆ ಹೆಸರು ಬರೆದು ಕೊಡುವುದೂ ಅಂಥ ಪೆಟ್ಟಿಗೆ ತಮ್ಮ ಮುಂದೆ ಬಂದರೆ ಮಾತ್ರ. ನಿಮ್ಮ ಟ್ಯೂಬ್ ಯಾವ ಪೆಟ್ಟಿಗೆಯಿಂದ ಬಂತೋ ಈಗ ಹೇಳಲು ದಾರಿಯಿಲ್ಲ. ನಿಜಕ್ಕೂ ಫಿಲಡೆಲ್ಫಿಯಾದ್ದೇ ಆಗಿದ್ದರೂ ಯಾರೂ ಹಾಗಂತ ಬರೆದುಕೊಡುವುದಿಲ್ಲ. ಇದು ನನಗೂ ಬೇಜಾರಿನ ಸಂಗತಿ. ಆದರೆ ಈ ಆಸೆ ಇಟ್ಟುಕೊಂಡು ಶುಲ್ಕ ಕಟ್ಟಬೇಡಿ.

ಟಿವಿಯಲ್ಲಿ ಕೊಂಡ ಐದು ಸ್ಲ್ಯಾಬ್ ಬಗ್ಗೆ. ‘ಫಸ್ಟ್ ಸ್ಟ್ರೈಕ್’ ಅಂದರೆ ಹೊಸ ಅಚ್ಚಿನಿಂದ ಮೊಟ್ಟಮೊದಲು ಬಂದ ನಾಣ್ಯ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೆಸರೇ ಹಾಗಿದೆ, ಅಂದುಕೊಂಡವರ ತಪ್ಪಿಲ್ಲ. ನಿಜವಾದ ಅರ್ಥ, ಬಿಡುಗಡೆಯಾದ ಸುಮಾರು 30 ದಿನದೊಳಗೆ ಆ ನಾಣ್ಯ ಗ್ರೇಡಿಂಗ್ ಸಂಸ್ಥೆಗೆ ಅಥವಾ ಅವರು ಒಪ್ಪಿದ ಜಾಗಕ್ಕೆ ತಲುಪಿತ್ತು ಅಂತ. ಅಷ್ಟೇ. ಯಾವ ನಾಣ್ಯ ಮೊದಲು ಹೊಡೆದದ್ದು ಅನ್ನುವ ಲೆಕ್ಕ ತಾನು ಇಡುವುದಿಲ್ಲ ಅಂತ ಅಮೆರಿಕದ ಟಂಕಸಾಲೆಯೇ ಹೇಳಿದೆ. ‘ಅರ್ಲಿ ರಿಲೀಸಸ್’ ಅನ್ನುವುದೂ ಇದೇ ಜಾತಿಯ ಲೇಬಲ್. ಹಾಗಾಗಿ ಮೋಸ ಹೋದಿರಾ ಅಂದರೆ, ನಾಣ್ಯ ಅಸಲಿ ಆಗಿದ್ದರೆ ಕಾನೂನಿನ ಲೆಕ್ಕದ ಮೋಸ ಅಲ್ಲ. ಜಾಸ್ತಿ ಬೆಲೆ ಕೊಟ್ಟಿರಿ. ಅದಕ್ಕೆ ಕೊರಗಬೇಡಿ, ಒಳಗೆ ಒಂದೊಂದು ಔನ್ಸ್ ಬೆಳ್ಳಿ ಇದ್ದೇ ಇದೆ. ಮೊದಲು ಸ್ಲ್ಯಾಬ್ ಮೇಲಿನ ಸರ್ಟಿಫಿಕೇಟ್ ನಂಬರನ್ನು ಆಯಾ ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಯಾವ ವರ್ಷ, ಯಾವ ಗ್ರೇಡ್ ಅಂತ ಬರುತ್ತದೆ, ಕೆಲವಕ್ಕೆ ಫೋಟೋ ಕೂಡ ಇರುತ್ತದೆ. ನಕಲಿ ಸ್ಲ್ಯಾಬ್‌ಗಳೂ ಓಡಾಡುತ್ತಿವೆ, ಅದಕ್ಕೆ ಇದನ್ನು ಬಿಡಬೇಡಿ. ಆಮೇಲೆ ಡಬ್ಬಿ ಒಡೆಯಬೇಡಿ. ಒಡೆದರೆ ಇರುವ ಚೂರು ಪ್ರೀಮಿಯಂ ಕೂಡ ಹೋಗುತ್ತದೆ.

ಇಲ್ಲೊಂದು ವಿಷಯ ಗಮನಿಸಿ. ಬೆಳ್ಳಿ 1980ರಲ್ಲೂ 2011ರಲ್ಲೂ ಔನ್ಸಿಗೆ 50 ಡಾಲರ್ ಹತ್ತಿರ ಹೋಗಿ ಬಿದ್ದಿತ್ತು. 2025ರ ಅಕ್ಟೋಬರ್‌ನಲ್ಲಿ ಆ ಗೆರೆಯನ್ನು ದಾಟಿತು. ಬೆಳ್ಳಿ ಹೀಗೆ ಏರಿದಾಗ ಸ್ಲ್ಯಾಬ್‌ನ ಪ್ರೀಮಿಯಂ ಅದರ ಜೊತೆ ಏರುವುದಿಲ್ಲ, ಎಷ್ಟೋ ಸಲ ಕುಗ್ಗುತ್ತದೆ. ಎಂಎಸ್ 69 ಅಂತೂ ಬಿಡಿ ನಾಣ್ಯದ ಬೆಲೆಯಲ್ಲೇ ಕರಗಿ ಹೋಗುತ್ತದೆ. ಆ ಐದಕ್ಕೆ ನೀವು ಹಾಕಿದ ದುಡ್ಡು ವಾಪಸ್ ಬಂದರೆ ಅದು ಬೆಳ್ಳಿ ತಂದುಕೊಟ್ಟಿದ್ದು, 70 ಅನ್ನುವ ಅಂಕಿ ತಂದುಕೊಟ್ಟಿದ್ದಲ್ಲ.

1996ರ ನಾಣ್ಯಕ್ಕೆ ಅಂಗಡಿಯವರು ಹೇಳಿದ್ದು ಸರಿ. ಆ ವರ್ಷ ತಯಾರಾದದ್ದು 36,03,386. ಬುಲಿಯನ್ ಈಗಲ್‌ಗಳಲ್ಲಿ ಅತಿ ಕಡಿಮೆ ಸಂಖ್ಯೆ ಅದೇ. 2015ರದ್ದಕ್ಕೆ ಹೋಲಿಸಿದರೆ ಹದಿಮೂರರಲ್ಲಿ ಒಂದು ಪಾಲು. ಪ್ರತಿ ವರ್ಷದ್ದೂ ಒಂದೊಂದು ಬೇಕು ಅಂತ ಜೋಡಿಸುವವರು ತುಂಬ ಜನ ಇದ್ದಾರೆ, ಅವರೆಲ್ಲರಿಗೂ ಇದು ಬೇಕೇ ಬೇಕು. ಹಾಗಾಗಿ ಬಿಡಿಯಾಗಿಯೇ ಬೆಳ್ಳಿ ಬೆಲೆಗಿಂತ ಮೇಲೆ ಮಾರುತ್ತದೆ. ನಾನು ಹೇಳುವ ಪ್ರೀಮಿಯಂ ಅಂದರೆ ಇದು, ಗ್ರೇಡ್ ಬರುವ ಮೊದಲೇ ನಾಣ್ಯದೊಳಗೆ ಇದ್ದದ್ದು. ಇನ್ನೂ ದೊಡ್ಡ ಉದಾಹರಣೆ ಬೇಕಾದರೆ 1995ರ ‘ಡಬ್ಲ್ಯು’ (ವೆಸ್ಟ್ ಪಾಯಿಂಟ್) ಅಕ್ಷರದ ಪ್ರೂಫ್ ಈಗಲ್, ಅಂದರೆ ಸಂಗ್ರಹಕಾರರಿಗೆ ಅಂತಲೇ ವಿಶೇಷವಾಗಿ ಹೊಡೆದದ್ದು. ಹತ್ತನೇ ವರ್ಷದ ನೆನಪಿಗೆ ಅಂತ ನಾಲ್ಕು ಚಿನ್ನದ ನಾಣ್ಯದ ಜೊತೆ ಸೇರಿಸಿ 999 ಡಾಲರ್ ಸೆಟ್‌ನಲ್ಲಿ ಮಾತ್ರ ಕೊಟ್ಟರು. ಬೆಳ್ಳಿ ಒಂದೇ ಬೇಕು ಅಂದವರಿಗೆ ಸಿಗಲಿಲ್ಲ. ಆಗಿದ್ದು 30,125 ಮಾತ್ರ. ಇವತ್ತಿಗೂ ಈ ಸರಣಿಯ ರಾಜ ಅದೇ. ಅಂಥದ್ದಕ್ಕೆ ಗ್ರೇಡಿಂಗ್ ಮಾಡಿಸದಿದ್ದರೆ ತಪ್ಪು.

ನಿಮ್ಮ 1996ನ್ನು ಹೀಗೆ ನೋಡಿ. ಮೇಜಿನ ಮೇಲೆ ಮೆತ್ತನೆ ಬಟ್ಟೆ ಹಾಸಿ. ಕೈ ತೊಳೆದು ಒರೆಸಿಕೊಂಡು ಅಂಚಿನಲ್ಲಿ ಮಾತ್ರ ಹಿಡಿಯಿರಿ. ನಾಣ್ಯದ ಮೇಲೆ ಬಗ್ಗಿ ಮಾತಾಡಬೇಡಿ. ಉಗುಳಿನ ಸಣ್ಣ ಹನಿ ಬಿದ್ದ ಜಾಗ ಕೆಲವು ತಿಂಗಳಲ್ಲಿ ಕಂದು ಚುಕ್ಕೆ ಆಗುತ್ತದೆ, ತುಂಬ ಒಳ್ಳೆ ನಾಣ್ಯಗಳು ಹೀಗೆ ಹಾಳಾದದ್ದು ನೋಡಿದ್ದೇನೆ. ಐದು ಅಥವಾ ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಹೆಂಗಸಿನ ತೊಡೆ, ಎದೆ, ಚಾಚಿದ ಕೈ, ಆಮೇಲೆ ಖಾಲಿ ಜಾಗ ನೋಡಿ. ಒಂದೆರಡು ಗೀರು ಕಂಡರೆ ಹಾಗೇ ಕ್ಯಾಪ್ಸೂಲ್‌ನಲ್ಲಿ (ಒಂದೇ ನಾಣ್ಯದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ) ಇಡಿ, ಬಿಡಿಯಾಗಿಯೇ ಒಳ್ಳೆ ಬೆಲೆ ಬರುತ್ತದೆ. ಏನೇನೂ ಕಾಣದಿದ್ದರೆ ನಂಬಿಕೆಯ ನಾಣ್ಯದ ಅಂಗಡಿಯಲ್ಲಿ ತೋರಿಸಿ, ಅವರೂ ಚೆನ್ನಾಗಿದೆ ಅಂದರೆ ಕಳಿಸಿ. 69 ಬಂದರೆ ಖರ್ಚು ಅಲ್ಲಿಗಲ್ಲಿಗೆ ಆಗುತ್ತದೆ, 70 ಬಂದರೆ ಹಬ್ಬ. ಅಪಾಯ ಇಷ್ಟೇ, ಇದನ್ನು ತಿಳಿದು ಕಳಿಸಿದರೆ ನನ್ನ ತಕರಾರಿಲ್ಲ.

ಬಿಳಿ ಕಲೆಗೆ ನೀವು ಕಾರಣ ಅಲ್ಲ. ನಾವು ಅದನ್ನು ಮಿಲ್ಕ್ ಸ್ಪಾಟ್ ಅನ್ನುತ್ತೇವೆ. ನಾಣ್ಯ ಹೊಡೆಯುವ ಮೊದಲು ಬೆಳ್ಳಿ ಬಿಲ್ಲೆಗಳನ್ನು ತೊಳೆದಾಗ ಉಳಿದ ದ್ರಾವಣ, ಕಾಯಿಸುವಾಗ ಮೈಗೆ ಹತ್ತಿಕೊಂಡು ಆಮೇಲೆ ಯಾವಾಗಲೋ ಮೇಲೆ ಬರುತ್ತದೆ ಅನ್ನುವುದು ಹೆಚ್ಚಿನವರು ಒಪ್ಪುವ ಕಾರಣ. ಕೆನಡಾದ ಮೇಪಲ್ ಲೀಫ್ ನಾಣ್ಯಕ್ಕೆ ಇದು ಎಷ್ಟು ಕೆಟ್ಟ ಹೆಸರು ತಂದಿತ್ತು ಅಂದರೆ, ಅವರು 2018ರಲ್ಲಿ ಮಿಂಟ್‌ಶೀಲ್ಡ್ ಅಂತ ಹೊಸ ಉಪಾಯವನ್ನೇ ತರಬೇಕಾಯಿತು. ಸ್ಲ್ಯಾಬ್ ಒಳಗೆ ಹೋದ ಮೇಲೂ ಕಲೆ ಏಳಬಹುದು, ಎಂಎಸ್ 70 ಅಂತ ಬರೆದದ್ದರ ಮೇಲೂ ನೋಡಿದ್ದೇನೆ. ಹೀಗೆ ಆಮೇಲೆ ಬಂದ ಕಲೆಗೆ ಗ್ರೇಡಿಂಗ್ ಸಂಸ್ಥೆಯ ಗ್ಯಾರಂಟಿ ಸಿಗುವುದಿಲ್ಲ. ಹೊಸ ನಾಣ್ಯದ 70ಕ್ಕೆ ದೊಡ್ಡ ಬೆಲೆ ಕೊಡಬೇಡಿ ಅಂತ ನಾನು ಹೇಳಲು ಇದೂ ಒಂದು ಕಾರಣ. ಕಲೆ ಇರುವ ಆ ಏಳೆಂಟನ್ನು ಬೇರೆ ಇಡಿ. ಅವುಗಳ ಬೆಳ್ಳಿಗೆ ಏನೂ ಆಗಿಲ್ಲ, ಮಾರುವಾಗ ಮೊದಲು ಅವನ್ನೇ ಕೊಡಿ.

ದಯವಿಟ್ಟು ತಿಕ್ಕಬೇಡಿ. ನಮ್ಮ ಕಡೆ ಬೆಳ್ಳಿ ಕಪ್ಪಾದರೆ ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್ ಅಂತ ಕೈ ತಾನಾಗೇ ಹೋಗುತ್ತದೆ. ದೀಪಕ್ಕೂ ಪಂಚಪಾತ್ರೆಗೂ ಅದು ಸರಿ. ನಾಣ್ಯದ ಮೇಲೆ ಅದು ಕೂದಲೆಳೆಯಂಥ ನೂರಾರು ಗೆರೆ ಬಿಡುತ್ತದೆ, ದೀಪದ ಕೆಳಗೆ ಎಲ್ಲ ಒಂದೇ ದಿಕ್ಕಿನಲ್ಲಿ ಓಡುವುದು ಕಾಣುತ್ತದೆ. ಗ್ರೇಡಿಂಗ್‌ನವರು ಅದಕ್ಕೆ ಅಂಕಿಯೇ ಕೊಡುವುದಿಲ್ಲ, ‘ಕ್ಲೀನ್ಡ್’ ಅಂತ ಬರೆದು ಕಳಿಸುತ್ತಾರೆ. ಇನ್ನೊಂದು, ಬಗ್ಗುವ ಮೆತ್ತನೆಯ ಪಿವಿಸಿ ಕವರ್‌ನಲ್ಲಿ ಇಟ್ಟಿದ್ದರೆ ಇವತ್ತೇ ತೆಗೆಯಿರಿ. ವರ್ಷ ಕಳೆದಂತೆ ಹಸಿರು ಜಿಡ್ಡು ಕೂರುತ್ತದೆ. ರಬ್ಬರ್ ಬ್ಯಾಂಡ್ ಕೂಡ ಬೇಡ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಬಂದ ಟ್ಯೂಬ್ ಅಥವಾ ಗಟ್ಟಿ ಕ್ಯಾಪ್ಸೂಲ್ ಸಾಕು.

ಬಿಡಿಯಾಗಿ ಅಲ್ಲಲ್ಲಿ ಕೊಂಡವನ್ನು ಒಮ್ಮೆ ತೂಗಿ ನೋಡಿ. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಚಿಕ್ಕ ತಕ್ಕಡಿ ಸಾಕು. 31.1 ಗ್ರಾಂ ಇರಬೇಕು, ಒಂದೆರಡು ಕೂದಲೆಳೆ ಜಾಸ್ತಿ ಇದ್ದರೂ ಸರಿ. ಅಗಲ 40.6 ಮಿಲಿಮೀಟರ್, ದಪ್ಪ 3 ಮಿಲಿಮೀಟರ್‌ಗೆ ತುಸು ಕಡಿಮೆ. ಬೆಳ್ಳಿಗಿಂತ ಹಗುರವಾದ ಲೋಹದಲ್ಲಿ ಮಾಡಿದ ನಕಲಿಯಲ್ಲಿ ತೂಕ ಸರಿ ಮಾಡಿದರೆ ದಪ್ಪ ಜಾಸ್ತಿ ಆಗುತ್ತದೆ, ದಪ್ಪ ಸರಿ ಮಾಡಿದರೆ ತೂಕ ಕಡಿಮೆ ಬೀಳುತ್ತದೆ. ಎರಡೂ ಒಟ್ಟಿಗೆ ಸರಿ ಮಾಡುವುದು ಅವರಿಗೆ ಸುಲಭ ಅಲ್ಲ.

ಬೆಂಗಳೂರಿಗೆ ತರುವ ಯೋಚನೆ ಬಿಡಿ. ಚಿಕ್ಕಪೇಟೆಯಲ್ಲಾಗಲಿ ಅವೆನ್ಯೂ ರೋಡಿನಲ್ಲಾಗಲಿ ಬೆಳ್ಳಿ ವ್ಯಾಪಾರಿಗೆ ಎಂಎಸ್ 70 ಬೇಕಿಲ್ಲ, 1996 ಅನ್ನುವ ವರ್ಷವೂ ಬೇಕಿಲ್ಲ. ತಕ್ಕಡಿಯಲ್ಲಿ ಹಾಕುತ್ತಾರೆ, ಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. ಸ್ಲ್ಯಾಬ್ ಒಡೆದು ತನ್ನಿ ಅಂದರೂ ಅಂದಾರು. ತರುವಾಗ ಕಸ್ಟಮ್ಸ್‌ನಲ್ಲಿ ನಾಣ್ಯ ಆಭರಣದ ಲೆಕ್ಕಕ್ಕೆ ಬರುವುದಿಲ್ಲ, ಹೇಳಿ ಸುಂಕ ಕಟ್ಟಬೇಕು. ಈ ನಾಣ್ಯದ ಸಂಗ್ರಹಕಾರರು ಇರುವುದು ನೀವಿರುವ ದೇಶದಲ್ಲೇ, ಮಾರುವುದೂ ಅಲ್ಲೇ ಸರಿ. ಮಾರುವ ದಿನ ಎರಡು ಮೂರು ಅಂಗಡಿಗೆ ಫೋನ್ ಮಾಡಿ, ಇವತ್ತು ಈಗಲ್‌ಗೆ ಸ್ಪಾಟ್ (ಆ ಹೊತ್ತಿನ ಬೆಳ್ಳಿ ಬೆಲೆ) ಮೇಲೆ ಎಷ್ಟು ಕೊಡುತ್ತೀರಿ ಅಂತ ನೇರ ಕೇಳಿ, ಆಮೇಲೆ ಹೋಗಿ. ಟ್ಯೂಬ್‌ಗಳನ್ನು ಅಂಗಡಿಗೆ ಕೊಡಿ. 1996ನ್ನೂ ಐದು ಸ್ಲ್ಯಾಬನ್ನೂ ಸಂಗ್ರಹಕಾರರಿಗೆ ನೇರ ಮಾರಿದರೆ ಸ್ವಲ್ಪ ಜಾಸ್ತಿ ಸಿಗುತ್ತದೆ, ಕಷ್ಟವೂ ಸ್ವಲ್ಪ ಜಾಸ್ತಿ. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಬೆಳ್ಳಿ ನಾಣ್ಯದ ಲಾಭಕ್ಕೆ ಅಮೆರಿಕದಲ್ಲಿ ಷೇರಿನ ದರ ಅನ್ವಯಿಸುವುದಿಲ್ಲ, ಸಂಗ್ರಹದ ವಸ್ತು ಅಂತ ಗರಿಷ್ಠ ಶೇ. 28ರವರೆಗೆ ತೆರಿಗೆ ಬೀಳಬಹುದು. ಹಾಗಾಗಿ ಕೊಂಡ ಬಿಲ್ಲುಗಳನ್ನೆಲ್ಲ ಹುಡುಕಿ ಒಂದು ಕಡೆ ಇಡಿ, ಎಲ್ಲ ಒಂದೇ ವರ್ಷ ಮಾರಬೇಕಾ ಅಂತ ನಿಮ್ಮ ತೆರಿಗೆ ನೋಡುವವರನ್ನು ಕೇಳಿ. ಫೀಸ್ ಕಟ್ಟುವ ತಿಂಗಳವರೆಗೆ ಕಾಯಬೇಡಿ. ಬೆಳ್ಳಿ ಆ ತಿಂಗಳು ಬಿದ್ದಿರಬಹುದು.

ಕೊನೆಗೆ ಕುಂಕುಮ ಹಿಡಿದ ನಾಣ್ಯ. ಅದನ್ನು ಗ್ರೇಡಿಂಗ್‌ಗೂ ಕಳಿಸಬೇಡಿ, ಅಂಗಡಿಗೂ ಕೊಡಬೇಡಿ. ಕಿರಣಗಳ ಸಂದಿಯಲ್ಲಿ, ಹಲ್ಲಂಚಿನಲ್ಲಿ ಕೂತ ಕುಂಕುಮವನ್ನು ಬಟ್ಟೆಯಲ್ಲಿ ಒರೆಸಿದ ಗೆರೆಗಳು ಈಗಾಗಲೇ ಬಿದ್ದಿರುತ್ತವೆ, ಅವು ಹೋಗುವುದಿಲ್ಲ. ನಿಮ್ಮ ಮನೆಯವರಿಗೆ ಒಂದೇ ಒಂದು ಮಾತು ಹೇಳಿ: ಮುಂದಿನ ವರಮಹಾಲಕ್ಷ್ಮಿಗೂ ಇದನ್ನೇ ಇಡಲಿ, ಟ್ಯೂಬ್‌ನಿಂದ ಹೊಸದು ತೆಗೆಯುವುದು ಬೇಡ.